ಸಾವಿರದ ನೂರು ಅಡಿ ಕೊರೆದರೂ ಬಂಡೆಯೇ, ಹಾಗಾದರೆ ಇದು ಮುಗಿಯುವುದೆಲ್ಲಿ?

ಪ್ರಶ್ನೆ: ನಾನು ಮಧುಗಿರಿ ತಾಲ್ಲೂಕಿನ ರೈತ. ಹೋದ ಬೇಸಿಗೆಯಲ್ಲಿ ತೋಟಕ್ಕೆ ಬೋರ್ ಹಾಕಿಸಿದೆ. 60 ಅಡಿಗೆ ಬಂಡೆ ಸಿಕ್ಕಿತು. ಅಲ್ಲಿಂದ 1,100 ಅಡಿವರೆಗೂ ಬಂಡೆಯೇ, ಬರೀ ಧೂಳು. ಹೈಸ್ಕೂಲಿನಲ್ಲಿ ಓದುವ ಮಗಳು ಹೇಳುತ್ತಾಳೆ, ಭೂಮಿಯ ಚಿಪ್ಪು ಕುದಿಯುವ ಲಾವಾ ಮೇಲೆ ತೇಲುತ್ತಿದೆಯಂತೆ, ಭಾರತ ವರ್ಷಾ ವರ್ಷ ಉತ್ತರಕ್ಕೆ ಸರಿಯುತ್ತಿದೆಯಂತೆ. ಹಾಗಾದರೆ ಈ ಬಂಡೆ ಎಲ್ಲಿಗೆ ಮುಗಿಯುತ್ತದೆ? ಇನ್ನೂ ಇಳಿಸಿದರೆ ಲಾವಾ ಸಿಗುತ್ತದೆಯೇ? ನೆಲವೇ ಸರಿಯುತ್ತಿದ್ದರೆ ನನ್ನ ಕೇಸಿಂಗ್ ಪೈಪ್ ಯಾಕೆ ಬಗ್ಗಿಲ್ಲ? ಲಾರಿಯವರು ಇನ್ನೊಂದು 300 ಅಡಿ ಇಳಿಸೋಣ ಅನ್ನುತ್ತಾರೆ. ಇಳಿಸಲೇ?

ಉತ್ತರ: ಮೊದಲು ಲಾವಾ ವಿಷಯ ಮುಗಿಸಿಬಿಡೋಣ. ಸಿಗುವುದಿಲ್ಲ. 1,400 ಅಡಿಗೂ ಇಲ್ಲ, 14,000 ಅಡಿಗೂ ಇಲ್ಲ. ನಿಮ್ಮ ತೋಟದಿಂದ ನೇರ ಕೆಳಗೆ ಕೊರೆಯುತ್ತಾ ಹೋದರೆ ಸುಮಾರು 2,900 ಕಿಲೋಮೀಟರ್‌ವರೆಗೂ ಸಿಗುವುದು ಗಟ್ಟಿ ಕಲ್ಲೇ. ಅದರ ಕೆಳಗೆ ಮಾತ್ರ ಕರಗಿದ ಪದಾರ್ಥದ ಒಂದು ದೊಡ್ಡ ಪದರ ಇದೆ. ಅದೂ ಲಾವಾ ಅಲ್ಲ, ಕರಗಿದ ಕಬ್ಬಿಣ.

ಕುದಿಯುವ ಲಾವಾ ಮೇಲೆ ತೇಲುವ ಚಿಪ್ಪು ಅನ್ನುವ ಕಲ್ಪನೆ ನಿಮ್ಮ ಮಗಳೊಬ್ಬಳದಲ್ಲ. ಭೂಮಿಯನ್ನು ಸೀಳಿ ಒಳಗಡೆ ಕೆಂಪು, ಕಿತ್ತಳೆ ಬಣ್ಣ ಬಳಿದ ಚಿತ್ರ ನೋಡಿದ ಎಲ್ಲರಿಗೂ ಹಾಗೇ ಅನಿಸುತ್ತದೆ. ಆ ಬಣ್ಣ ಹೇಳಬೇಕಾಗಿದ್ದು ‘ಬಿಸಿ’ ಅಂತ. ನೋಡುವವರಿಗೆ ಕೇಳಿಸುವುದು ‘ದ್ರವ’ ಅಂತ. ನನ್ನ ಕೈಲಿದ್ದರೆ ಆ ಪದರಕ್ಕೆ ಕಡು ಹಸಿರು ಬಳಿಸುತ್ತಿದ್ದೆ. ಅಲ್ಲಿನ ಕಲ್ಲಿನ ನಿಜವಾದ ಬಣ್ಣ ಅದೇ. ಹೇಗೆ ಗೊತ್ತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಈಗ ನಿಮ್ಮ ಬೋರಿಗೆ ಬರೋಣ. ಮೊದಲ 60 ಅಡಿ ಬಂದ ಕೆಂಪು ಮಣ್ಣು ಮತ್ತು ಮೊರಂ ಬೇರೆಲ್ಲಿಂದಲೋ ಬಂದಿದ್ದಲ್ಲ. ಅದೂ ಕೆಳಗಿನ ಬಂಡೆಯೇ. ಮಳೆನೀರು ಲಕ್ಷಾಂತರ ವರ್ಷ ಇಂಗಿ ಇಂಗಿ ಕಲ್ಲನ್ನು ಸಡಿಲ ಮಾಡಿದೆ. ಅದರೊಳಗಿನ ಕಬ್ಬಿಣದ ಅಂಶಕ್ಕೆ ತುಕ್ಕು ಹಿಡಿದು ಕೆಂಪಾಗಿದೆ. ಆಮೇಲೆ ಬಂದ ಧೂಳಿನ ಬಣ್ಣ ಗಮನಿಸಿದ್ದಿರಾ? ಬೂದು ಅಥವಾ ಬಿಳಿ ಪುಡಿ ಬಂದಿದ್ದರೆ ಅದು ನೈಸ್ ಅನ್ನುವ ಪಟ್ಟೆ ಪಟ್ಟೆ ಕಲ್ಲು. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಬಂಡೆ ಇದೆಯಲ್ಲ, ಅದೇ ಜಾತಿ. ವಯಸ್ಸು ಸುಮಾರು 300 ಕೋಟಿ ವರ್ಷ. ಸ್ವಲ್ಪ ಗುಲಾಬಿ ಛಾಯೆ ಇದ್ದರೆ ಅದು ಗ್ರಾನೈಟ್. ನಿಮ್ಮ ಮಧುಗಿರಿ ಬೆಟ್ಟ, ಶಿವಗಂಗೆ, ಸಾವನದುರ್ಗ, ರಾಮನಗರದ ಬೆಟ್ಟಗಳು ಎಲ್ಲ ಈ ಗ್ರಾನೈಟಿನವೇ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಚಾಚಿಕೊಂಡಿರುವ ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಅನ್ನುತ್ತೇವೆ. ಇದು ಸುಮಾರು 250 ಕೋಟಿ ವರ್ಷದ ಹಿಂದೆ ಕರಗಿದ ಸ್ಥಿತಿಯಲ್ಲಿ ನೈಸ್‌ನೊಳಗೆ ನುಗ್ಗಿ ಅಲ್ಲೇ ಹೆಪ್ಪುಗಟ್ಟಿತು. ನಡುವೆ ಎಲ್ಲಾದರೂ ಕಪ್ಪು ಪುಡಿ ಬಂದಿದ್ದರೆ ಆ ಮಾತು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತದೆ.

1,100 ಅಡಿ ಅಂದರೆ 335 ಮೀಟರ್. ರೈತನ ಜೇಬಿಗೆ ಇದು ಭಾರಿ ಆಳ, ಭೂಮಿಗೆ ಏನೂ ಅಲ್ಲ. ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ಜನ 3.2 ಕಿಲೋಮೀಟರ್ ಆಳಕ್ಕೆ ಇಳಿದು ಕೆಲಸ ಮಾಡುತ್ತಿದ್ದರು. ತಳದಲ್ಲಿ ಕಲ್ಲಿನ ಬಿಸಿ 60 ಡಿಗ್ರಿ ದಾಟಿತ್ತು. ಗಾಳಿ ತಂಪು ಮಾಡಿ ಕಳಿಸದೆ ಅಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮಹಾರಾಷ್ಟ್ರದ ಕೊಯ್ನಾ ಭಾಗದಲ್ಲಿ ಭೂಕಂಪದ ಅಧ್ಯಯನಕ್ಕಾಗಿ ವಿಜ್ಞಾನಿಗಳು 3 ಕಿಲೋಮೀಟರ್ ಆಳದ ಬೋರ್ ಕೊರೆದಿದ್ದಾರೆ. ಮೊದಲ ಸುಮಾರು 1.2 ಕಿಲೋಮೀಟರ್ ಕಪ್ಪು ಬಸಾಲ್ಟ್ ಸಿಕ್ಕಿತು. ನಮ್ಮ ವಿಜಯಪುರ, ಕಲಬುರಗಿ ಕಡೆ ಎರೆಮಣ್ಣಿನ ಕೆಳಗೆ ಇರುವ ಕಲ್ಲೇ ಅದು. ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಪದರ ಪದರವಾಗಿ ಕೂತಿದ್ದು. ಬಸಾಲ್ಟ್ ಮುಗಿದ ಮೇಲೆ ಏನು ಸಿಕ್ಕಿತು ಗೊತ್ತೇ? ನಿಮ್ಮ ತೋಟದಲ್ಲಿ ಸಿಕ್ಕಿದಂಥದೇ ಗ್ರಾನೈಟ್ ಮತ್ತು ನೈಸ್.

ಮನುಷ್ಯ ಅತಿ ಆಳಕ್ಕೆ ಕೊರೆದ ಬೋರ್ ರಷ್ಯಾದ ಕೋಲಾ ಪ್ರದೇಶದಲ್ಲಿದೆ. 1970ರಲ್ಲಿ ಶುರು ಮಾಡಿ 1989ರ ಹೊತ್ತಿಗೆ 12,262 ಮೀಟರ್ ಮುಟ್ಟಿದರು. ರಂಧ್ರ ನಿಮ್ಮ ಬೋರಿಗಿಂತ ಎರಡು ಮೂರು ಇಂಚು ದಪ್ಪ, ಅಷ್ಟೆ. ತಳದಲ್ಲಿ 100 ಡಿಗ್ರಿ ಇರಬಹುದು ಅಂದುಕೊಂಡಿದ್ದರು, 180 ಇತ್ತು. ಕಲ್ಲು ಬಿಟ್‌ಗೆ ಅಂಟುವಷ್ಟು ಮೆತ್ತಗಾಗಿ, ರಂಧ್ರ ತಾನಾಗಿ ಮುಚ್ಚಿಕೊಳ್ಳಲು ಶುರುವಾಯಿತು. ಕೆಲಸ ಅಲ್ಲಿಗೇ ನಿಂತಿತು. ಅಷ್ಟೆಲ್ಲ ಮಾಡಿಯೂ ಅವರು ಭೂಮಿಯ ಮೇಲಿನ ಚಿಪ್ಪನ್ನು, ಅಂದರೆ ಭೂಕವಚವನ್ನು, ದಾಟಲಿಲ್ಲ. ನಮ್ಮ ಕಡೆ ಭೂಕವಚದ ದಪ್ಪ 35 ಕಿಲೋಮೀಟರ್‌ಗೂ ಮೇಲೆ. ಲಾರಿಯವರ ಲೆಕ್ಕದಲ್ಲಿ ಹೇಳಿದರೆ ಒಂದು ಲಕ್ಷದ ಹದಿನೈದು ಸಾವಿರ ಅಡಿ. ರೇಟ್ ಎಷ್ಟಾದೀತು ನೀವೇ ಲೆಕ್ಕ ಹಾಕಿ.

ಹಾಗಾದರೆ ಆ ಆಳದಲ್ಲಿ ಎಂಥ ಕಲ್ಲಿದೆ ಅಂತ ಯಾರು ನೋಡಿದ್ದಾರೆ? ಈ ವಿಷಯದಲ್ಲಿ ಕನ್ನಡಿಗರು ಅದೃಷ್ಟವಂತರು. ಕೊರೆಯಬೇಕಾಗಿಯೇ ಇಲ್ಲ. ಬಸ್ ಹತ್ತಿ ದಕ್ಷಿಣಕ್ಕೆ ಹೋದರೆ ಸಾಕು.

ನಮ್ಮ ರಾಜ್ಯದ ಹಳೇ ಭೂಕವಚ ಒಟ್ಟಾರೆಯಾಗಿ ಸ್ವಲ್ಪ ವಾಲಿಕೊಂಡಿದೆ. ದಕ್ಷಿಣದ ಅಂಚು ಮೇಲೆದ್ದಿದೆ, ಉತ್ತರದ ಕಡೆ ತಗ್ಗಿದೆ. ಮೇಲೆದ್ದ ಭಾಗವನ್ನು ಮಳೆ, ಗಾಳಿ, ನದಿ ಸವೆಸುತ್ತಾ ಹೋದವು. ಹಾಗಾಗಿ ದಕ್ಷಿಣಕ್ಕೆ ಹೋದಷ್ಟೂ ಹೆಚ್ಚು ಆಳದ ಕಲ್ಲು ನೆಲದ ಮೇಲೆ ಕಾಣುತ್ತದೆ. ಕ್ಲೋಸ್‌ಪೇಟೆ ಗ್ರಾನೈಟನ್ನೇ ಹಿಡಿದು ನಡೆಯಿರಿ. ಹಂಪಿ ಕಡೆ ಕಾಣುವುದು ಮೇಲುಮಟ್ಟದಲ್ಲಿ, ನೆಲದಿಂದ ಕೆಲವೇ ಕಿಲೋಮೀಟರ್ ಕೆಳಗೆ ಹೆಪ್ಪುಗಟ್ಟಿದ ಗ್ರಾನೈಟ್. ರಾಮನಗರ ದಾಟಿ ಕನಕಪುರದ ಕಬ್ಬಾಳದುರ್ಗಕ್ಕೆ ಬಂದರೆ ಅದೇ ಗ್ರಾನೈಟಿನ ಬೇರು. ಅಲ್ಲಿನ ಕಲ್ಲುಗಳು ಒಂದು ಕಾಲದಲ್ಲಿ 20 ಕಿಲೋಮೀಟರ್‌ಗೂ ಆಳದಲ್ಲಿದ್ದವು. ಕಲ್ಲು ಕರಗಿ, ಸಣ್ಣ ಸಣ್ಣ ಎಳೆಯಾಗಿ ಮೇಲಕ್ಕೆ ಹೊರಟ ಗುರುತು ಅಲ್ಲಿನ ಬಂಡೆಗಳಲ್ಲಿ ಬರಿಗಣ್ಣಿಗೇ ಕಾಣುತ್ತದೆ. ಅದೇ ಬಂಡೆಯಲ್ಲಿ ಬೂದು ನೈಸ್ ಅಲ್ಲಲ್ಲಿ ಎಣ್ಣೆ ಹಚ್ಚಿದ ಹಾಗೆ ಕಪ್ಪು ಹಸಿರಾಗಿ ಮಾರ್ಪಟ್ಟಿರುವುದನ್ನೂ ನೋಡಬಹುದು. ಈ ಕಪ್ಪು ಹಸಿರು ಕಲ್ಲಿಗೆ ಚಾರ್ನಕೈಟ್ ಅನ್ನುತ್ತಾರೆ. ನಮ್ಮ ಭೂವಿಜ್ಞಾನಿ ಸಿ. ಎಸ್. ಪಿಚ್ಚಮುತ್ತು 1960ರಲ್ಲಿ ಕಬ್ಬಾಳದ ಈ ಬಂಡೆಗಳ ಬಗ್ಗೆ ಬರೆದ ಮೇಲೆ ಜಗತ್ತಿನ ಎಷ್ಟೋ ಕಡೆಯಿಂದ ವಿಜ್ಞಾನಿಗಳು ಅಲ್ಲಿಗೆ ಬಂದರು. ಇನ್ನೂ ದಕ್ಷಿಣಕ್ಕೆ, ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಸುತ್ತಲೂ ಬಹುಪಾಲು ಚಾರ್ನಕೈಟೇ. ರಂಗನಾಥನ ದರ್ಶನಕ್ಕೆ ಬೆಟ್ಟ ಹತ್ತುವವರು ಭೂವಿಜ್ಞಾನದ ಲೆಕ್ಕದಲ್ಲಿ ಪಾತಾಳದ ಕಲ್ಲಿನ ಮೇಲೆ ನಡೆಯುತ್ತಿರುತ್ತಾರೆ.

ಇಷ್ಟು ಆಳದ ಕಲ್ಲು ಮೇಲೆ ಬರುವುದು ಹೇಗೆ? ಭೂಕವಚದ ಕಲ್ಲು ಹಗುರ, ಅದರ ಕೆಳಗಿನ ಕಲ್ಲು ಭಾರ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗಿದರೆ ಕೆಳಗಿನದು 3.3 ಟನ್ ತೂಗುತ್ತದೆ. ಬೆಟ್ಟ ಎತ್ತರ ಇದ್ದಷ್ಟೂ ಅದರ ಬೇರೂ ಕೆಳಗೆ ಇಳಿದಿರುತ್ತದೆ. ಟಿಬೆಟ್ ಕೆಳಗೆ ಭೂಕವಚ ಸುಮಾರು 70 ಕಿಲೋಮೀಟರ್ ದಪ್ಪ. ಮೇಲಿನದು ಸವೆದು ಭಾರ ಇಳಿದರೆ ಬೇರು ನಿಧಾನಕ್ಕೆ ಮೇಲೇಳುತ್ತದೆ. ಅದೂ ಸವೆಯುತ್ತದೆ, ಇನ್ನಷ್ಟು ಮೇಲೇಳುತ್ತದೆ. 250 ಕೋಟಿ ವರ್ಷ ಸಮಯ ಕೊಟ್ಟರೆ 20 ಕಿಲೋಮೀಟರ್ ದೊಡ್ಡದೇನಲ್ಲ.

35 ಕಿಲೋಮೀಟರ್ ಕೆಳಗಿನ ಆ ಭಾರದ ಕಲ್ಲಿನ ಪದರಕ್ಕೆ ಮ್ಯಾಂಟಲ್ ಅಂತ ಹೆಸರು. ಇದರ ಚೂರುಗಳನ್ನೂ ನಾವು ಕೈಯಲ್ಲಿ ಹಿಡಿದಿದ್ದೇವೆ. ಬಳ್ಳಾರಿ ಗಡಿ ದಾಟಿದರೆ ಆಂಧ್ರದ ಅನಂತಪುರ ಜಿಲ್ಲೆಯ ವಜ್ರಕರೂರು. ಮುಂಗಾರಿನ ಮೊದಲ ಮಳೆ ಬಿದ್ದರೆ ಸಾಕು, ಆ ಭಾಗದ ಹೊಲಗಳಲ್ಲಿ ಜನ ವಜ್ರ ಹುಡುಕುತ್ತಾ ಬಗ್ಗಿ ನಡೆಯುತ್ತಾರೆ. ಸುಮಾರು 110 ಕೋಟಿ ವರ್ಷದ ಹಿಂದೆ 150 ಕಿಲೋಮೀಟರ್‌ಗೂ ಆಳದಿಂದ ಒಂದು ಬಗೆಯ ಶಿಲಾರಸ ರಭಸವಾಗಿ ಮೇಲಕ್ಕೆ ಚಿಮ್ಮಿತು. ಬರುವಾಗ ದಾರಿಯಲ್ಲಿದ್ದ ಮ್ಯಾಂಟಲ್‌ನ ತುಣುಕುಗಳನ್ನು ಕಿತ್ತು ತಂದಿತು, ಜೊತೆಗೆ ವಜ್ರವನ್ನೂ. ಆ ತುಣುಕುಗಳಲ್ಲಿ ಹಸಿರು ಆಲಿವಿನ್ ಹರಳೇ ಜಾಸ್ತಿ, ನಡುವೆ ಕೆಂಪು ಗಾರ್ನೆಟ್. ಅದಕ್ಕೇ ನಾನು ಹಸಿರು ಬಳಿಯಬೇಕು ಅಂದಿದ್ದು.

ಇಡೀ ಮ್ಯಾಂಟಲ್ ಗಟ್ಟಿ ಅನ್ನುವುದಕ್ಕೆ ಸಾಕ್ಷಿ ಕೊಟ್ಟಿದ್ದು ಭೂಕಂಪಗಳು. ಭೂಕಂಪವಾದಾಗ ಎರಡು ಬಗೆಯ ಅಲೆಗಳು ಭೂಮಿಯೊಳಗೆ ಹರಡುತ್ತವೆ. ಒಂದು ಹಿಂದೆ ಮುಂದೆ ತಳ್ಳುತ್ತಾ ಹೋಗುತ್ತದೆ, ಅದು ಎಲ್ಲದರಲ್ಲೂ ಸಾಗುತ್ತದೆ. ಇನ್ನೊಂದು ಅಡ್ಡಡ್ಡ ಅಲುಗಾಡಿಸುತ್ತಾ ಹೋಗುತ್ತದೆ, ಅದು ದ್ರವದಲ್ಲಿ ಸಾಗಲಾರದು. ಈ ಎರಡನೆಯ ಅಲೆ ಮ್ಯಾಂಟಲ್ ಪೂರ್ತಿ ದಾಟುತ್ತದೆ, 2,900 ಕಿಲೋಮೀಟರ್ ಆಳಕ್ಕೆ ಹೋದಾಗ ಮಾತ್ರ ನಿಂತುಬಿಡುತ್ತದೆ. ಭೂಕವಚಕ್ಕೂ ಮ್ಯಾಂಟಲ್‌ಗೂ ನಡುವಿನ ಗಡಿ ಗೊತ್ತಾಗಿದ್ದೂ ಹೀಗೇ. 1909ರಲ್ಲಿ ಕ್ರೊಯೇಷಿಯಾದ ಜಾಗ್ರೆಬ್ ಹತ್ತಿರ ಆದ ಭೂಕಂಪದ ಅಲೆಗಳನ್ನು ಮೊಹೊರೊವಿಚಿಚ್ ಅನ್ನುವ ವಿಜ್ಞಾನಿ ಲೆಕ್ಕ ಹಾಕಿ ಅದನ್ನು ಹಿಡಿದರು.

ಬಿಸಿ ಅಷ್ಟಿದ್ದರೂ ಯಾಕೆ ಕರಗಿಲ್ಲ ಅಂದರೆ, ಮೇಲಿನ ಒತ್ತಡ ಬಿಡುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ಕಲ್ಲು ಕರಗಲು ಇನ್ನಷ್ಟು ಬಿಸಿ ಬೇಕು. ಹಾಗಾದರೆ ಜ್ವಾಲಾಮುಖಿಗೆ ಲಾವಾ ಎಲ್ಲಿಂದ ಬರುತ್ತದೆ ಅಂತ ಮಗಳು ಕೇಳುತ್ತಾಳೆ, ಕೇಳಲೇಬೇಕು. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಕರಗುತ್ತದೆ. ಸಮುದ್ರದ ತಳ ಬಿರಿದ ಕಡೆ ಮ್ಯಾಂಟಲ್ ಮೇಲೇಳುವಾಗ ಒತ್ತಡ ಇಳಿದು ಕರಗುತ್ತದೆ. ಸಮುದ್ರದ ತಳ ಬೇರೊಂದರ ಅಡಿಗೆ ನುಗ್ಗುವ ಕಡೆ, ಅದರ ಜೊತೆ ಒಳಗೆ ಹೋದ ನೀರು ಸೇರಿ ಕಲ್ಲು ಬೇಗ ಕರಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿ ಇಂಥದ್ದು. ಇನ್ನು ಕೆಲವು ಕಡೆ ತುಂಬಾ ಆಳದಿಂದ ಹೆಚ್ಚು ಬಿಸಿಯಾದ ಕಲ್ಲು ಮೇಲೇರುತ್ತದೆ. ಮಧುಗಿರಿ ಕೆಳಗೆ ಈ ಮೂರರಲ್ಲಿ ಒಂದೂ ಇಲ್ಲ.

ಈಗ ಸರಿಯುವ ವಿಷಯ. ಗಟ್ಟಿ ಕಲ್ಲು ಹೇಗೆ ಸರಿಯುತ್ತದೆ? ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರಿನ ಉಂಡೆ ನೋಡಿ. ಚಳಿಗಾಲದ ಬೆಳಗ್ಗೆ ಸುತ್ತಿಗೆಯಲ್ಲಿ ಹೊಡೆದರೆ ಚೂರು ಚೂರಾಗುತ್ತದೆ. ಸುಮ್ನೆ ಬಿಟ್ಟರೆ ವಾರಗಳಲ್ಲಿ ತಾನಾಗಿ ಅಗಲವಾಗಿ ಹರಡಿಕೊಳ್ಳುತ್ತದೆ. ಹೊಡೆತಕ್ಕೆ ಗಟ್ಟಿ, ಕಾಲಕ್ಕೆ ಮೆತ್ತಗೆ. ಬಿಸಿಯಾದ ಮ್ಯಾಂಟಲ್ ಕಲ್ಲೂ ಹಾಗೆಯೇ, ಆದರೆ ಅದಕ್ಕೆ ವಾರ ಸಾಲದು, ಲಕ್ಷಾಂತರ ವರ್ಷ ಬೇಕು. ಭೂಕಂಪದ ಅಲೆಗೆ ಅದು ಕಲ್ಲು, ಕಾಲದ ಲೆಕ್ಕಕ್ಕೆ ಹರಿಯುವ ವಸ್ತು.

ಮೇಲಿನ ಭಾಗ ತಣ್ಣಗಿರುವುದರಿಂದ ಅದು ಹರಿಯುವುದಿಲ್ಲ, ಬಿಗಿಯಾಗಿ ಉಳಿಯುತ್ತದೆ. ಭೂಕವಚ ಮತ್ತು ಅದಕ್ಕೆ ಅಂಟಿಕೊಂಡ ಮ್ಯಾಂಟಲ್‌ನ ಮೇಲ್ಭಾಗ, ಎರಡೂ ಸೇರಿ ನೂರು ಕಿಲೋಮೀಟರ್ ಅಥವಾ ಇನ್ನೂ ದಪ್ಪದ ಒಂದೇ ಹಲಗೆ ಆಗಿರುತ್ತದೆ. ಇದೇ ಭೂಫಲಕ. ಅಂದರೆ ಭೂಫಲಕ ಅನ್ನುವುದೂ ಭೂಕವಚ ಅನ್ನುವುದೂ ಒಂದೇ ಅಲ್ಲ. ಈ ಒಂದು ವಿಷಯ ಮಗಳಿಗೆ ಹೇಳಿಕೊಡಿ, ಪರೀಕ್ಷೆಗಲ್ಲದಿದ್ದರೂ ತಿಳಿವಳಿಕೆಗೆ ಬೇಕು.

ಭಾರತದ ಫಲಕ ಸರಿಯುತ್ತಿರುವುದು ಊಹೆಯಲ್ಲ, ಅಳತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಒಂದು ಜಿಪಿಎಸ್ ಕೇಂದ್ರ ಇದೆ. ಅದು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಈಶಾನ್ಯದ ಕಡೆ ಹೋಗುತ್ತಿದೆ. ನೇರ ಉತ್ತರಕ್ಕಲ್ಲ, ಈಶಾನ್ಯಕ್ಕೆ. ನಿಮ್ಮ ತೋಟವೂ ಅಷ್ಟೇ. ಇಪ್ಪತ್ತು ವರ್ಷದ ಹಿಂದೆ ಇದ್ದ ಜಾಗದಿಂದ ಒಂದು ಮೀಟರ್ ಆಚೆ ಬಂದಿದೆ. ಆದರೆ ಪಕ್ಕದ ಜಮೀನಿನವರ ಜೊತೆ ಬದುವಿನ ಜಗಳ ಬೇಡ. ಅವರದ್ದೂ ಅಷ್ಟೇ ಬಂದಿದೆ!

ಕೇಸಿಂಗ್ ಬಗ್ಗದಿರುವುದಕ್ಕೂ ಇದೇ ಕಾರಣ. ನಿಮ್ಮ ಬೋರಿನ ಬಾಯಿ, ತಳ, ಅದರ ಕೆಳಗಿನ ನೂರು ಕಿಲೋಮೀಟರ್ ಕಲ್ಲು, ಎಲ್ಲವೂ ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಹೊರಟಿವೆ. ಜಾರುವುದು ಫಲಕದ ಬುಡದಲ್ಲಿ. ಅಲ್ಲಿ ಕೂಡ ಒಂದು ಗೆರೆ ಎಳೆದ ಹಾಗೆ ಜಾರುವುದಿಲ್ಲ, ಬಿಸಿ ಕಲ್ಲಿನ ದಪ್ಪ ಪದರವೊಂದು ನಿಧಾನಕ್ಕೆ ಎಳೆದಾಡಿಕೊಳ್ಳುತ್ತದೆ. ಕೇಸಿಂಗ್ ಎಲ್ಲಾದರೂ ಬಗ್ಗಿದರೆ ಮೇಲಿನ ಮಣ್ಣು ಕುಸಿದಿದೆ ಅಂತ ತಿಳಿಯಿರಿ, ಭಾರತದ ತಪ್ಪಲ್ಲ.

ಬಗ್ಗುವುದು, ಮುರಿಯುವುದು ಎಲ್ಲ ಫಲಕದ ಅಂಚಿನಲ್ಲಿ. ಬೆಂಗಳೂರಿಗೂ ದೆಹಲಿಗೂ ನಡುವಿನ ದೂರ ಹೆಚ್ಚುಕಡಿಮೆ ಹಾಗೇ ಇದೆ. ಹಿಮಾಲಯ ದಾಟಿ ಲ್ಹಾಸಾಗೆ ಅಳೆದರೆ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್ ಕಡಿಮೆಯಾಗುತ್ತಿದೆ. ಆ ಒತ್ತು ನೂರಾರು ವರ್ಷ ಕೂಡಿಟ್ಟುಕೊಂಡು ಒಂದೇ ಸಲ ಬಿಟ್ಟಾಗ ನೇಪಾಳದ 2015ರಂಥ ಭೂಕಂಪ ಆಗುತ್ತದೆ. ನಮ್ಮ ಕಡೆ ಏನೂ ಆಗುವುದಿಲ್ಲ ಅಂತಲ್ಲ. 1967ರಲ್ಲಿ ಕೊಯ್ನಾ, 1993ರಲ್ಲಿ ಲಾತೂರಿನ ಕಿಲ್ಲಾರಿ ನಮ್ಮ ಗಡಿಯಾಚೆಗೇ ನಡೆದಿದ್ದು. ಫಲಕದ ನಡುವೆಯೂ ಹಳೇ ಬಿರುಕುಗಳಿವೆ, ಅಂಚಿನ ಒತ್ತು ಅಲ್ಲಿಯವರೆಗೂ ತಲುಪುತ್ತದೆ. ಆದರೆ ಅದು ಅಪರೂಪ.

ಇಷ್ಟು ದೊಡ್ಡ ಹಲಗೆಯನ್ನು ಎಳೆಯುವವರು ಯಾರು? ಬಹುಪಾಲು ಅದರ ಸ್ವಂತ ತೂಕವೇ. ಸಮುದ್ರದ ತಳದ ಫಲಕ ಹುಟ್ಟಿದಾಗ ಬಿಸಿ, ಹಗುರ. ಕೋಟ್ಯಂತರ ವರ್ಷ ತಣಿದ ಮೇಲೆ ಭಾರವಾಗಿ, ಅಂಚಿನಲ್ಲಿ ಬಗ್ಗಿ ಮ್ಯಾಂಟಲ್‌ಗೆ ಮುಳುಗುತ್ತದೆ. ಮುಳುಗುವ ತುದಿ ಹಿಂದಿನದನ್ನು ಎಳೆಯುತ್ತದೆ. ಭಾರತ ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್‌ನಿಂದ ಬೇರೆಯಾಯಿತು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳು ಆ ಬಿರುಕಿನ ಹೊತ್ತಿಗೆ ಉಕ್ಕಿ ತಣಿದವು. ನಮ್ಮ ಪಶ್ಚಿಮ ಕರ್ನಾಟಕದ ಹಳೇ ಬಂಡೆಗಳಿಗೆ ಸರಿಹೊಂದುವ ಬಂಡೆಗಳು ಇವತ್ತಿಗೂ ಮಡಗಾಸ್ಕರ್‌ನ ಈಶಾನ್ಯ ಭಾಗದಲ್ಲಿವೆ. ಆಮೇಲೆ ಭಾರತದ ಮುಂದಿದ್ದ ಟೆಥಿಸ್ ಸಮುದ್ರದ ತಳ ಏಷ್ಯಾದ ಅಡಿಗೆ ಮುಳುಗುತ್ತಾ ಹಿಂದಿದ್ದ ಭಾರತವನ್ನೂ ಎಳೆದುಕೊಂಡು ಹೋಯಿತು. ಆಗಿನ ವೇಗ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಮೇಲೆ. ಸುಮಾರು 5 ಕೋಟಿ ವರ್ಷದ ಹಿಂದೆ ಭೂಖಂಡವೇ ಹೋಗಿ ಗುದ್ದಿತು. ಭೂಖಂಡದ ಕಲ್ಲು ಹಗುರ, ಸಲೀಸಾಗಿ ಮುಳುಗುವುದಿಲ್ಲ. ವೇಗ ಮೂರನೇ ಒಂದು ಭಾಗಕ್ಕೆ ಇಳಿಯಿತು, ಹಿಮಾಲಯ ಎದ್ದಿತು. ಟೆಥಿಸ್ ಮುಳುಗಿಹೋದ ಮೇಲೂ ನಾವು ಇನ್ನೂ ಯಾಕೆ ನಿಂತಿಲ್ಲ ಅನ್ನುವ ಬಗ್ಗೆ ಭೂವಿಜ್ಞಾನಿಗಳಲ್ಲೇ ಜೋರು ವಾದ ಇದೆ. ಹಿಂದೂ ಮಹಾಸಾಗರದ ನಡುವೆ ತಳ ಬಿರಿದ ಕಡೆ ಎದ್ದಿರುವ ಬೆಟ್ಟಸಾಲಿನಿಂದ ಬರುವ ತಳ್ಳು, ಸುಮಾತ್ರಾ ಕಡೆಯಲ್ಲಿ ಮುಳುಗುತ್ತಿರುವ ಅಂಚಿನ ಎಳೆತ, ಎರಡಕ್ಕೂ ಪಾಲಿದೆ ಅನ್ನುವುದು ನನಗೆ ಸರಿ ಅನಿಸುತ್ತದೆ.

ಕೊನೆಗೆ ನಿಮಗೆ ನಿಜವಾಗಿ ಬೇಕಾದ ಪ್ರಶ್ನೆ. 300 ಅಡಿ ಇಳಿಸಲೇ? ನನ್ನ ಸಲಹೆ, ಬೇಡ.

ಗ್ರಾನೈಟ್, ನೈಸ್ ಕಲ್ಲಿನ ಒಳಗೆ ನೀರು ಇರುವುದಿಲ್ಲ. ಇರುವುದು ಮೇಲಿನ ಮೊರಂನಲ್ಲಿ ಮತ್ತು ಬಂಡೆಯ ಬಿರುಕಿನಲ್ಲಿ, ಲಾರಿಯವರು ಗ್ಯಾಪ್ ಅನ್ನುತ್ತಾರಲ್ಲ, ಅದರಲ್ಲಿ. ಮೇಲಿನ ಕಲ್ಲು ಸವೆದು ಭಾರ ಇಳಿದಾಗ ಬಂಡೆ ಹಿಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಬಿರುಕುಗಳು ಮೇಲ್ಭಾಗದಲ್ಲೇ ಜಾಸ್ತಿ. ಆಳಕ್ಕೆ ಹೋದಂತೆ ಒತ್ತಡಕ್ಕೆ ಅವು ಮುಚ್ಚಿಕೊಂಡಿರುತ್ತವೆ. 1,300 ಅಡಿಗೆ ನೀರು ಸಿಕ್ಕವರಿಲ್ಲವೇ ಅಂತೀರಿ. ಇದ್ದಾರೆ. ಅಲ್ಲಿ ಸಿಕ್ಕ ಒಂದಿಂಚು ನೀರು ಮಳೆಯಿಂದ ಬೇಗ ತುಂಬುವುದಿಲ್ಲ, ಹಾಗಾಗಿ ಎಷ್ಟೋ ಕಡೆ ಒಂದೆರಡು ಬೇಸಿಗೆಯಲ್ಲಿ ಕೈಕೊಡುತ್ತದೆ. ಜೊತೆಗೆ ಗ್ರಾನೈಟಿನ ಸಂದಿಯಲ್ಲಿ ಬಹಳ ಕಾಲ ನಿಂತ ನೀರಿಗೆ ಕಲ್ಲಿನ ಖನಿಜಗಳಿಂದ ಫ್ಲೋರೈಡ್ ಸೇರುತ್ತದೆ. ಪಾವಗಡದ ಕಡೆ ಜನರ ಹಲ್ಲು, ಮೂಳೆ ಏನಾಗಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಳದ ಬೋರ್ ನೀರನ್ನು ಮನೆಗೆ ಬಳಸುವ ಮುಂಚೆ ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ದರೆ ಕುಡಿಯಬೇಡಿ.

ಇನ್ನು ಆ ಕಪ್ಪು ಪುಡಿ. ನಮ್ಮ ಕಡೆ ಗ್ರಾನೈಟ್, ನೈಸ್ ನಡುವೆ ಗೋಡೆಯ ಹಾಗೆ ಕರಿಕಲ್ಲಿನ ಪಟ್ಟಿಗಳು ಹಾದುಹೋಗಿವೆ. ಹಳೇ ಬಿರುಕಿನಲ್ಲಿ ಶಿಲಾರಸ ನುಗ್ಗಿ ಗಟ್ಟಿಯಾಗಿದ್ದು. ಡೈಕ್ ಅನ್ನುತ್ತಾರೆ. ಹೊಲಗಳಲ್ಲಿ ಕರಿ ಗುಂಡುಕಲ್ಲುಗಳು ಒಂದೇ ಸಾಲಾಗಿ ಎದ್ದಿರುವುದನ್ನು ಕಂಡಿರುತ್ತೀರಿ. ಇವು ಎಷ್ಟೋ ಕಡೆ ನೆಲದೊಳಗಿನ ನೀರಿಗೆ ಅಡ್ಡಗಟ್ಟೆ ಕಟ್ಟಿದ ಹಾಗೆ ಕೆಲಸ ಮಾಡುತ್ತವೆ. ನಿಮ್ಮ ಬೋರ್ ಇಂಥ ಪಟ್ಟಿಯ ಒಳಗೇ ಬಿದ್ದಿದ್ದರೆ ಎಷ್ಟು ಇಳಿಸಿದರೂ ಧೂಳೇ. ಪಟ್ಟಿಯಿಂದ ಸ್ವಲ್ಪ ಮೇಲಕ್ಕೆ, ಇಳಿಜಾರಿನಲ್ಲಿ ನೀರು ಹರಿದುಬರುವ ಬದಿಗೆ, ನೋಡಬೇಕು. ತೋಟದ ಸುತ್ತ ಒಂದು ಸುತ್ತು ಹಾಕಿ ಕರಿಕಲ್ಲಿನ ಸಾಲು ಯಾವ ದಿಕ್ಕಿಗೆ ಹೋಗಿದೆ ಅಂತ ಗುರುತು ಮಾಡಿಕೊಳ್ಳಿ. ತುಮಕೂರಿನ ಅಂತರ್ಜಲ ಇಲಾಖೆಯ ಭೂವಿಜ್ಞಾನಿಗಳನ್ನು ಕರೆಸಿ ಆ ಬದಿಯಲ್ಲಿ ಪಾಯಿಂಟ್ ನೋಡಿಸಿ. ಹಾಳಾದ ಬೋರನ್ನು ಸುಮ್ನೆ ಬಿಡಬೇಡಿ. ಮಕ್ಕಳು ಬೀಳದ ಹಾಗೆ ಮೊದಲು ಕ್ಯಾಪ್ ಹಾಕಿಸಿ. ಆಮೇಲೆ ಮಳೆಗಾಲಕ್ಕೆ ಮುಂಚೆ ಸುತ್ತ ಗುಂಡಿ ತೆಗೆಸಿ, ಜಲ್ಲಿ, ಮರಳು ತುಂಬಿಸಿ ಹೊಲದ ನೀರು ಅಲ್ಲಿ ಇಂಗುವ ಹಾಗೆ ಮಾಡಿಸಿ. 300 ಅಡಿ ಕೊರೆಸುವುದಕ್ಕಿಂತ ಖರ್ಚು ಕಡಿಮೆ ಬರುತ್ತದೆ.